ಆಭಾ ನಂಬರ್ ಬಂತು, ದಾಖಲೆ ಬರ್ಲಿಲ್ಲ: ದೊಡ್ಡಾಸ್ಪತ್ರೆಗೆ ಹೋಗುವಾಗ ಇನ್ನೂ ಪ್ಲಾಸ್ಟಿಕ್ ಕೊಟ್ಟೆಯೇ ಗತಿ

ಶಿರಸಿ: ಬೆಳಿಗ್ಗೆ ಹುಬ್ಬಳ್ಳಿ ಬಸ್ ಹತ್ತುವವರನ್ನು ಒಮ್ಮೆ ಗಮನಿಸಿ. ತೊಡೆ ಮೇಲೆ ಎಕ್ಸ್‌ರೇ ಲಕೋಟೆ, ಕೈಯಲ್ಲೊಂದು ಪ್ಲಾಸ್ಟಿಕ್ ಕೊಟ್ಟೆ. ಅದರೊಳಗೆ ನಾಲ್ಕಾರು ಚೀಟಿ, ರಕ್ತ ಪರೀಕ್ಷೆ ರಿಪೋರ್ಟು, ಖಾಲಿಯಾದ ಮಾತ್ರೆ ಪಟ್ಟಿ. ಅವರ ಕಾಯಿಲೆಯ ಪೂರ್ತಿ ಚರಿತ್ರೆ ಅಷ್ಟೇ. ಮಳೆಗಾಲದಲ್ಲಿ ಅದೂ ಅರ್ಧ ನೆನೆದು ಹೋಗಿರ್ತದೆ.

ಅದೇ ಜನರಲ್ಲಿ ಹಲವರ ಮೊಬೈಲಿನಲ್ಲಿ 14 ಅಂಕಿಯ ಆಭಾ ಸಂಖ್ಯೆಯೂ ಇದೆ. 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಕೊಡುವ ಸಂಖ್ಯೆ ಇದು. ಆಪ್ ತೆರೆದು ನೋಡಿ. ಕೋವಿಡ್ ಲಸಿಕೆ ಪ್ರಮಾಣಪತ್ರ ಬಿಟ್ಟು ಬೇರೇನಾದ್ರೂ ಕಂಡರೆ ನಿಮ್ಮ ಅದೃಷ್ಟ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಆಭಾ ಬೇರೆ, ಆಯುಷ್ಮಾನ್ ಕಾರ್ಡ್ ಬೇರೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡ್ ಚಿಕಿತ್ಸೆಯ ಖರ್ಚಿಗೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ತನಕ ಸಿಗ್ತದೆ. ಆಭಾದಿಂದ ಒಂದು ರೂಪಾಯಿಯೂ ಬರೋದಿಲ್ಲ. ಅದು ನಿಮ್ಮ ದಾಖಲೆಗಳನ್ನು ಒಂದೇ ದಾರದಲ್ಲಿ ಪೋಣಿಸುವ ಸಂಖ್ಯೆ ಮಾತ್ರ. ದಾಖಲೆಗಳೆಲ್ಲ ದಿಲ್ಲಿಯ ಯಾವುದೋ ಕಂಪ್ಯೂಟರಿಗೆ ಹೋಗಿ ಕೂರ್ತವೆ ಅನ್ನೋದೂ ತಪ್ಪು. ಚಿಕಿತ್ಸೆ ಕೊಟ್ಟ ಆಸ್ಪತ್ರೆಯಲ್ಲೇ ಅವು ಉಳೀತವೆ. ಬೇರೆ ಆಸ್ಪತ್ರೆ ಕೇಳಿದಾಗ ನಿಮ್ಮ ಒಪ್ಪಿಗೆ ಇದ್ರೆ ಮಾತ್ರ ಹೋಗ್ತವೆ. ಯಾವ ದಾಖಲೆ, ಎಷ್ಟು ದಿನಕ್ಕೆ ಅನ್ನೋದನ್ನೂ ನೀವೇ ಹೇಳಬಹುದು, ಕೊಟ್ಟ ಒಪ್ಪಿಗೆ ವಾಪಸ್ ಪಡೀಬಹುದು.

ಹಾಗಾದ್ರೆ ಕೊಟ್ಟೆ ಯಾಕೆ ಹೋಗಿಲ್ಲ? ಒಪಿಡಿ ಕೌಂಟರಿನಲ್ಲಿ ಕಂಪ್ಯೂಟರ್ ಇದ್ರೂ ಅದು ಮುದ್ರಿಸೋದು ಹೆಸರು, ವಯಸ್ಸು, ಊರು. ಕಾಯಿಲೆ ಏನು, ಯಾವ ಮಾತ್ರೆ, ಯಾವುದು ಆಗಿ ಬರೋದಿಲ್ಲ ಅನ್ನೋದನ್ನು ಡಾಕ್ಟರು ಪೆನ್ನಿನಲ್ಲಿ ಬರೆದು ಚೀಟಿಯನ್ನು ನಮ್ಮ ಕೈಗೇ ಕೊಡ್ತಾರೆ. ಅದು ಕಂಪ್ಯೂಟರಿಗೆ ಏರದೆ ಆಭಾದಲ್ಲಿ ಏನೂ ಕಾಣೋದಿಲ್ಲ. ಡಾಕ್ಟರನ್ನು ಬೈದು ಪ್ರಯೋಜನ ಇಲ್ಲ. ಬಾಗಿಲಾಚೆ ಸಾಲು ನಿಂತಿರುವಾಗ ಒಬ್ಬೊಬ್ಬರದ್ದೂ ಟೈಪ್ ಮಾಡ್ತಾ ಕೂರೋದಕ್ಕೆ ಆಗ್ತದೆಯೇ? ಅದಕ್ಕೊಬ್ಬ ಡಾಟಾ ಎಂಟ್ರಿ ಸಿಬ್ಬಂದಿ ಬೇಕು. ತಂತ್ರಾಂಶಕ್ಕಿಂತ ಮೊದಲು ಕೇಳಬೇಕಾದದ್ದು ಆ ಹುದ್ದೆಯನ್ನು. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಹತ್ತು ವರ್ಷದ ಲೆಕ್ಕ ಸಿಗ್ತದೆ, ಸೊಸೈಟಿಯಲ್ಲಿ ಕೇಳಿದ್ರೆ ಅಡಿಕೆ ಬಿಟ್ಟ ಲೆಕ್ಕ ಸಿಗ್ತದೆ. ನಮ್ಮದೇ ಬಿಪಿ, ಶುಗರ್ ಲೆಕ್ಕ ಮಾತ್ರ ನಮ್ಮ ಹತ್ರ ಇರೋದಿಲ್ಲ.

ಬೇರೆ ಜಿಲ್ಲೆಗಿಂತ ನಮಗೆ ಇದು ಹೆಚ್ಚು ಬೇಕು. ಗಂಭೀರ ಕಾಯಿಲೆ ಅಂದ್ರೆ ಯಲ್ಲಾಪುರದವರು ಹುಬ್ಬಳ್ಳಿಗೆ, ಸಿದ್ದಾಪುರದವರು ಸಾಗರ ದಾಟಿ ಶಿವಮೊಗ್ಗಕ್ಕೆ, ಶಿರಸಿಯವರು ಹುಬ್ಬಳ್ಳಿಗೋ ಘಟ್ಟ ಇಳಿದು ಮಣಿಪಾಲಕ್ಕೋ ಓಡ್ತಾರೆ. 2022ರ ಜುಲೈನಲ್ಲಿ ಶಿರೂರು ಟೋಲ್ ಗೇಟಿನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಮಗುಚಿ ನಾಲ್ವರು ಸತ್ತ ಮೇಲೆ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಜೋರಾಯ್ತು. ಕೂಗು ನ್ಯಾಯವಾದದ್ದೇ. ಆದರೆ ಕಟ್ಟಡ ಏಳೋದಕ್ಕೆ ವರ್ಷಗಳು ಬೇಕು. ರೋಗಿಗಿಂತ ಮೊದಲು ಅವನ ದಾಖಲೆ ಹುಬ್ಬಳ್ಳಿ ಮುಟ್ಟಲಿ ಅನ್ನೋದಕ್ಕೆ ಅಷ್ಟು ಕಾಯಬೇಕಿಲ್ಲ.

ಮಂಗನ ಕಾಯಿಲೆಯನ್ನೇ ತಗೊಳ್ಳಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ರೋಗ 2024ರ ಬೇಸಿಗೆಯಲ್ಲೂ ಸಿದ್ದಾಪುರ ತಾಲೂಕನ್ನು ಕಾಡಿತ್ತು. ಇದರ ಗುಣವೇ ಮೋಸದ್ದು. ಜ್ವರ ಬರ್ತದೆ, ಹೋಗ್ತದೆ, ಗುಣ ಆಯ್ತು ಅಂತ ಮನೆಗೆ ಬರ್ತಾರೆ. ಒಂದೆರಡು ವಾರದ ಮೇಲೆ ನೂರರಲ್ಲಿ ಹತ್ತಿಪ್ಪತ್ತು ಜನರಿಗೆ ಮತ್ತೆ ಜ್ವರ, ತಲೆನೋವು, ನಡುಕ, ಮಂಕು. ಎರಡನೇ ಸಲ ಬೇರೆ ಊರಿನ ಆಸ್ಪತ್ರೆಗೆ ಹೋದ್ರೆ ಅಲ್ಲಿನ ಡಾಕ್ಟರಿಗೆ ಮೊದಲ ಜ್ವರದ ವಿಷಯವೇ ಗೊತ್ತಿರೋದಿಲ್ಲ. ರೋಗಿ ಮಂಕಾಗಿರ್ತಾನೆ, ಜೊತೆಗೆ ಬಂದವರಿಗೆ ಪರೀಕ್ಷೆಯ ಹೆಸರೂ ನೆನಪಿರೋದಿಲ್ಲ. ಮೊದಲ ರಿಪೋರ್ಟು ಆ ಕ್ಷಣಕ್ಕೆ ಕಂಡರೆ ಡಾಕ್ಟರು ಬೇರೆ ಬೇರೆ ಕಾಯಿಲೆ ಹುಡುಕ್ತಾ ಹೊತ್ತು ಕಳೆಯೋದು ತಪ್ತದೆ.

ಮಾಹಿತಿ ಎಲ್ಲೂ ಇಲ್ಲ ಅಂತಲ್ಲ. 2021ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಬಂದ ಐಎಚ್‌ಐಪಿ ವ್ಯವಸ್ಥೆಯಲ್ಲಿ ಸಾಂಕ್ರಾಮಿಕ ರೋಗದ ಲೆಕ್ಕ ಕೆಳಗಿನಿಂದ ಮೇಲಕ್ಕೆ ಹೋಗ್ತದೆ. ಲಕ್ಷಣ ಕಂಡ ಆರೋಗ್ಯ ಕಾರ್ಯಕರ್ತೆ ಒಂದು ನಮೂನೆ, ಡಾಕ್ಟರು ಇನ್ನೊಂದು, ಪ್ರಯೋಗಾಲಯ ಮತ್ತೊಂದು. ಯಾವ ಊರಿನಲ್ಲಿ ಜ್ವರ ಜಾಸ್ತಿ ಅಂತ ಬೇಗ ತಿಳಿಯೋದಕ್ಕೆ ಇದು ಒಳ್ಳೇದು, ಡೇಪಾ ಎಣ್ಣೆ ಯಾವ ಮಜರೆಗೆ ಮೊದಲು ಹೋಗಬೇಕು ಅನ್ನೋದು ಇದರಿಂದಲೇ ಗೊತ್ತಾಗಬೇಕು. ಆದರೆ ಅದು ಇಲಾಖೆಯ ಕಣ್ಣಿಗೆ ಕಾಣುವ ಲೆಕ್ಕ. ಆ ಜ್ವರದವನು ಶಿವಮೊಗ್ಗದಲ್ಲಿ ಮಲಗಿದಾಗ ಎದುರಿಗಿರುವ ಡಾಕ್ಟರಿಗೆ ಬೇಕಾದದ್ದು ಅವನೊಬ್ಬನ ದಾಖಲೆ. ಮೇಲಕ್ಕೆ ಕಳಿಸಲು ಟೈಪ್ ಮಾಡೋ ಶ್ರಮದ ಒಂದು ಪಾಲಾದ್ರೂ ರೋಗಿಯ ಕಡೆಗೂ ಬರಲಿ ಅನ್ನೋದು ನಮ್ಮ ಮಾತು.

ಗುಟ್ಟಿನ ಪ್ರಶ್ನೆಯೂ ಇದೆ. ಸಣ್ಣ ಊರು, ಎಲ್ಲರೂ ಪರಿಚಯದವರೇ. ಹೆಣ್ಣುಮಕ್ಕಳ ಗರ್ಭದ ವಿಷಯ, ಮಾನಸಿಕ ಚಿಕಿತ್ಸೆ, ಟಿಬಿ ಇವೆಲ್ಲ ಕೌಂಟರಿನವರಿಗೆ ಕಾಣ್ತದೆ ಅಂದ್ರೆ ಯಾರು ತಾನೇ ಒಪ್ತಾರೆ? ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ಕೇಂದ್ರ ಕಾನೂನು ಬಂದಿದೆ. ಕಾನೂನು ಇದ್ರೂ, ಯಾವ ಸಿಬ್ಬಂದಿ ಯಾವ ಪುಟ ತೆರೆದರು ಅನ್ನೋದನ್ನು ತಾಲೂಕು ಆಸ್ಪತ್ರೆಯಲ್ಲೇ ತಪಾಸಣೆ ಮಾಡೋರು ಇಲ್ಲದಿದ್ರೆ ಜನ ನಂಬೋದಿಲ್ಲ.

ಇನ್ನು ಒಟಿಪಿ. ಗುಡ್ಡ ಹತ್ತಿದ್ರೆ ಮಾತ್ರ ನೆಟ್‌ವರ್ಕ್ ಸಿಗುವ ಊರುಗಳು ಮೂರೂ ತಾಲೂಕಿನಲ್ಲಿವೆ. ಪ್ರಜ್ಞೆ ತಪ್ಪಿದವನು ಒಟಿಪಿ ಹೇಳೋದೂ ಇಲ್ಲ. ಹಾಗಾಗಿ ರೆಫರ್ ಮಾಡುವಾಗ ಟೈಪ್ ಮಾಡಿದ ಒಂದು ಪುಟದ ಸಾರಾಂಶವನ್ನು ಕೈಗೂ ಕೊಡಿ ಅಂತ ಕೇಳಿ. ಮನೆಗೆ ಬಂದ ಮೇಲೆ ಚೀಟಿಗಳ ಫೋಟೋ ತೆಗೆದು ಆಪ್‌ಗೆ ನೀವೇ ಏರಿಸಬಹುದು. ಇನ್ನೊಂದು ಮಾತು: ಹಿರಿಯರ ಆಭಾಗೆ ಯಾರ ಮೊಬೈಲ್ ನಂಬರ್ ಕೊಟ್ಟಿದ್ದೀರಿ ನೋಡಿಕೊಳ್ಳಿ. ಅಪ್ಪ ಸಿದ್ದಾಪುರದ ಆಸ್ಪತ್ರೆಯ ಬೆಂಚಿನಲ್ಲಿ ಕೂತಿರ್ತಾರೆ, ಒಟಿಪಿ ಹೋಗಿ ಬೆಂಗಳೂರಿನಲ್ಲಿ ಮೀಟಿಂಗಿನಲ್ಲಿರೋ ಮಗನ ಫೋನಿಗೆ ಬೀಳ್ತದೆ. ನಂಬರ್ ಬದಲಾಯಿಸೋದಕ್ಕೆ ಅವಕಾಶ ಇದೆ. ಮಗ ಹಬ್ಬಕ್ಕೆ ಊರಿಗೆ ಬಂದಾಗಲೇ ಮಾಡಿಸಿಬಿಡಿ.