ಊರಿನ ಹೆಸರು ಯಾರಪ್ಪನ ಆಸ್ತಿ?

ಸವದತ್ತಿ ಸೀಮೆಯ ಹೂಲಿ ಪಂಚಲಿಂಗೇಶ್ವರ ಗುಡಿಯಿಂದಲೂ ಗುಡ್ಡದ ಮೇಲಿನ ಕೋಟೆಯಿಂದಲೂ ಹೆಸರಾದ ಊರು. ಈ ಊರಿನ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡ ಮನೆತನಗಳಿವೆ. ಪಾಟೀಲರಷ್ಟು, ದೇಸಾಯರಷ್ಟು, ಬಡಿಗೇರರಷ್ಟು ಈ ಹೂಲಿಯವರು ಸಿಗುವುದಿಲ್ಲ. ಅಪರೂಪದ ಹೆಸರು ಅಂತ ಪಂಡಿತರು ಅದರ ಬೇರು ಹುಡುಕುತ್ತಾರೆ. ಹುಡುಕಲಿ. ನಾವೂ ಹುಡುಕುತ್ತೇವೆ. ಆದರೆ ಗುಡಿಯ ಕಡೆಯಿಂದಲ್ಲ, ಕೇರಿಯ ಕಡೆಯಿಂದ.

ಚಾಲುಕ್ಯರ ಕಾಲದ ಶಾಸನಗಳಲ್ಲಿ ಈ ಊರು ‘ಪೂಲಿ’. ಹಳಗನ್ನಡದ ಪಾಲು ಹಾಲಾಯಿತು, ಪಳ್ಳಿ ಹಳ್ಳಿಯಾಯಿತು, ಪೂ ಹೂವಾಯಿತು. ಹಾಗೆಯೇ ಪೂಲಿ ಹೂಲಿಯಾಯಿತು. ಕೆಲವರು ಇದನ್ನು ಹುಲಿ ಮಾಡಿ ಮೀಸೆ ತಿರುವುತ್ತಾರೆ. ಹುಲಿಯ ಹಳೆಯ ರೂಪ ‘ಪುಲಿ’, ಅದು ಹ್ರಸ್ವ. ಊರಿನದು ದೀರ್ಘ. ಕನ್ನಡ ಮಾಸ್ತರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನು ಅಡ್ಡಹೆಸರಾದ ಮೇಲೆ ಅದರ ಅರ್ಥ ಹೂವೂ ಅಲ್ಲ, ಹುಲಿಯೂ ಅಲ್ಲ. ‘ನಾವು ಹೂಲಿ ಊರವರು’. ಇಷ್ಟೇ ಅರ್ಥ.

ಅದೇ ಕಲ್ಲುಗಳು ಪೂಲಿಯ ಸಾವಿರ ಮಹಾಜನರ ಸುದ್ದಿ ಹೇಳುತ್ತವೆ. ದಾನ ಕೊಟ್ಟವರ ಹೆಸರಿದೆ, ದಾನ ಉಂಡವರ ಹೆಸರಿದೆ. ಸತ್ತ ದನ ಎಳೆದು, ತೊಗಲು ಹದ ಮಾಡಿ, ಆ ಒಕ್ಕಲುತನಕ್ಕೆ ಮಿಣಿ, ಬಾರುಕೋಲು, ಕೆರ ಮಾಡಿ ಕೊಟ್ಟವರ ಹೆಸರು ಎಲ್ಲಿದೆ? ಮಹಾಜನ ಸಾವಿರವಾದರೆ ಅವರ ಹೊಲಸು ಬಳಿದವರೆಷ್ಟು? ಕಲ್ಲಿನಲ್ಲಿ ನಮಗೆ ಜಾಗ ಸಿಗಲಿಲ್ಲ. ಕಾಗದದಲ್ಲಾದರೂ ಸಿಕ್ಕಿತೆ?

ಈ ಹೆಸರು ಅಪರೂಪ ಯಾಕೆ? ಲೆಕ್ಕ ಸರಳ ಅದ. ಪಾಟೀಲ ಅಂದರೆ ಊರಿನ ಗೌಡಕಿ, ಅದು ಊರೂರಿಗೂ ಇತ್ತು. ಬಡಿಗೇರ, ಕಮ್ಮಾರ, ಕುಂಬಾರ ಅಂದರೆ ಕಸುಬು, ಅದೂ ಊರೂರಿಗೆ ಬೇಕಾದದ್ದು. ಹೂಲಿಯಾದರೋ ಒಂದೇ ಊರು. ಅದೂ ಊರೊಳಗೆ ಅಡ್ಡಹೆಸರಾಗುವುದಿಲ್ಲ. ಹೂಲಿಯಲ್ಲೇ ನಿಂತು ‘ಹೂಲಿಯವರ ಮನಿ ಯಾವುದರೀ’ ಅಂದರೆ ಜನ ನಗುತ್ತಾರೆ. ಊರು ಬಿಟ್ಟು ಇನ್ನೊಂದು ಕಡೆ ಅಂಗಡಿ ಇಟ್ಟವನನ್ನು, ನೌಕರಿ ಹಿಡಿದವನನ್ನು, ಹೊಲ ಕೊಂಡವನನ್ನು ಆ ಊರಿನವರು ‘ಹೂಲಿಯವರು’ ಅಂತ ಕರೆಯುತ್ತಾರೆ. ಮುನವಳ್ಳಿ, ಮುರಗೋಡ, ಯರಗಟ್ಟಿ, ಬೆಟಗೇರಿ ಎಲ್ಲವೂ ಹೀಗೆ ಅಡ್ಡಹೆಸರಾದ ಊರುಗಳೇ. ನಾಟಕಕಾರ ಹೂಲಿ ಶೇಖರ ಇದೇ ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡರು. ಊರಿನ ಹೆಸರು ಅಂದರೆ ಮರ್ಯಾದೆಯಿಂದ ಊರು ಬಿಟ್ಟವನ ಬುತ್ತಿಗಂಟು.

ಇಲ್ಲಿ ನಮ್ಮ ಪ್ರಶ್ನೆ ಏಳುತ್ತದೆ. ನಮ್ಮವರು ಊರು ಬಿಡಲಿಲ್ಲವೆ? ಬರಗಾಲಕ್ಕೆ ಬಿಟ್ಟರು, ಸಾಲಕ್ಕೆ ಬಿಟ್ಟರು, ಮುಂಬಯಿಯ ಗಿರಣಿಗೆ, ಗೋವಾದ ಕೂಲಿಗೆ ಹೋದರು. ಅವರಲ್ಲಿ ಎಷ್ಟು ಮಂದಿಗೆ ಊರಿನ ಹೆಸರು ಅಂಟಿತು? ಹೋದ ಊರಿನವರು ನಮ್ಮನ್ನು ‘ಯಾವೂರಪಾ’ ಅಂತ ಕೇಳಿ ಸುಮ್ಮನಾಗಲಿಲ್ಲ. ‘ಯಾವ ಪೈಕಿ’ ಅಂತ ಕೇಳಿದರು. ಉತ್ತರ ಸಿಕ್ಕ ಮೇಲೆ ಊರು ಮರೆತರು, ಪೈಕಿ ನೆನಪಿಟ್ಟುಕೊಂಡರು.

ನಮ್ಮ ಸೀಮೆಯ ಶಾಲೆಯ ರಜಿಸ್ಟರು ನೋಡಿರಿ. ಹುಡುಗನ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಮುಂಬಯಿ ಪ್ರಾಂತದ ಕಾಲದಿಂದ ಬಂದ ರೂಢಿ. ಅಕ್ಷರ ಬರದ ಅಪ್ಪ ಕೈಕಟ್ಟಿಕೊಂಡು ಹೊಸ್ತಿಲ ಹೊರಗೆ ನಿಂತಾಗ, ಒಳಗಿನ ಪೆನ್ನು ಕೇಳದೆಯೇ ಬರೆಯಿತು: ಮಾದರ, ಹೊಲೇರ, ಹರಿಜನ. ಆಮೇಲೆ ದಿನಾ ಹಾಜರಿ ಕೂಗುವಾಗ ಇಡೀ ವರ್ಗದ ಎದುರಿಗೆ ಆ ಹೆಸರು. ಊರೊಳಗಿನ ಹುಡುಗನ ಅಡ್ಡಹೆಸರು ಅವನ ಮನೆ ಹೇಳಿತು, ನಮ್ಮದು ನಮ್ಮ ಗೋಡೆ ಹೇಳಿತು. ಪಂಡಿತರೆ, ಅಪರೂಪದ ಹೆಸರು ಹುಡುಕುತ್ತೀರಲ್ಲ, ಊರೂರಿಗೆ ಸಿಗುವ ಈ ‘ಹರಿಜನ’ ಎಂಬ ಅಡ್ಡಹೆಸರಿನ ಬೇರನ್ನೂ ಒಮ್ಮೆ ಅಗೆಯಿರಿ.

ಅಗೆದರೆ ಏನು ಸಿಗತದ? 1933ರಲ್ಲಿ ಗಾಂಧೀಜಿ ಆ ಹೆಸರಿನಲ್ಲೇ ಪತ್ರಿಕೆ ಶುರು ಮಾಡಿದರು. 1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಲೋಕಲ್ ಬೋರ್ಡುಗಳ ಮಸೂದೆ ಬಂತು. ಅದರಲ್ಲಿ ನಮ್ಮನ್ನು ‘ಹರಿಜನ’ ಎಂದು ಬರೆದರು. ನಮಗೆ ಈ ಹೆಸರು ಬೇಡ ಅಂತ ಸ್ವತಂತ್ರ ಕಾರ್ಮಿಕ ಪಕ್ಷದವರು ಅಂದರು. ಬಹುಮತ ಇದ್ದವರು ಕೇಳಲಿಲ್ಲ. ಬಾಬಾಸಾಹೇಬರು ತಮ್ಮವರನ್ನು ಕರೆದುಕೊಂಡು ಸಭೆಯಿಂದ ಹೊರನಡೆದರು. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲೇ ಇತ್ತು. ಅಂದರೆ ಹೂಲಿಯ ಕೇರಿಗೂ ಆ ದಿನವೇ ನಾಮಕರಣವಾಯಿತು, ತೊಟ್ಟಿಲಲ್ಲಿದ್ದ ಕೂಸನ್ನು ಕೇಳದೆ. 1982ರಲ್ಲಿ ಕೇಂದ್ರ ಸರಕಾರ, ಜಾತಿ ಪ್ರಮಾಣಪತ್ರದಲ್ಲಿ ಈ ಶಬ್ದ ಬರೆಯಬೇಡಿರಿ ಅಂತ ರಾಜ್ಯಗಳಿಗೆ ಸೂಚನೆ ಕೊಟ್ಟಿತು. ಆದರೆ ಅಡ್ಡಹೆಸರಾಗಿ ಮೈಗೆ ಹತ್ತಿದ್ದು ಸೂಚನೆಯಿಂದ ಉದುರುತ್ತದೆಯೆ? ಒಂದು ಶಬ್ದ ಬರೆಯಲು ಮಾಸ್ತರರಿಗೆ ಅರ್ಧ ನಿಮಿಷ ಸಾಕಾಯಿತು. ಅಳಿಸಲು ನಮಗೆ ಅಫಿಡವಿಟ್ಟು, ಪತ್ರಿಕೆಯಲ್ಲಿ ಜಾಹೀರಾತು, ಕಚೇರಿ ಕಚೇರಿ ಅಲೆದಾಟ.

ಇನ್ನೊಂದು ರಜಿಸ್ಟರನ್ನೂ ನೆನೆಯೋಣ. 1900ರ ನವೆಂಬರ್ 7ರಂದು ಸಾತಾರದ ಶಾಲೆಯಲ್ಲಿ ಒಬ್ಬ ಹುಡುಗನ ಹೆಸರು ದಾಖಲಾಯಿತು: ಭಿವಾ ರಾಮಜಿ ಅಂಬೇಡಕರ. ಮನೆತನದ ಹೆಸರು ಸಕಪಾಳ. ಊರು ರತ್ನಾಗಿರಿ ಜಿಲ್ಲೆಯ ಅಂಬಡವೆ. ಆ ಊರಿನ ಹೆಸರಿನಿಂದಲೇ ಅಡ್ಡಹೆಸರು ಬಂತು. ಶಾಲೆಯಲ್ಲಿ ಗೋಣೀತಟ್ಟಿನ ಮೇಲೆ ಬೇರೆ ಕೂತ ಹುಡುಗ ಊರಿನ ಹೆಸರನ್ನು ಹೊತ್ತುಕೊಂಡು ಜಗತ್ತು ಸುತ್ತಿದ. ಇದೇ ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ, ಹಳ್ಳಿ ಎಂಬುದು ಅಜ್ಞಾನದ, ಸಂಕುಚಿತತನದ, ಮತೀಯತೆಯ ಗೂಡು ಎಂದರು. ಹಾಗಾದರೆ ನಾವು ಊರಿನ ಹೆಸರು ಯಾಕೆ ಕೇಳುತ್ತೇವೆ? ಊರಿಗೆ ಆರತಿ ಎತ್ತಲಿಕ್ಕಲ್ಲ. ಪಾಲು ಕೇಳಲಿಕ್ಕೆ. ಊರಿನ ಕೆರೆ, ಊರಿನ ಗಾಂವಠಾಣ, ಊರಿನ ರಸ್ತೆ ಎಲ್ಲದರಲ್ಲಿ ನಮ್ಮ ಪಾಲು ಇರುವಂತೆ ಹೆಸರಿನಲ್ಲೂ ಅದ.

‘ಅಡ್ಡಹೆಸರು ಬಿಟ್ಟರ ಮೀಸಲಾತಿ ಹೋಗತದ’ ಅಂತ ಹೆದರಿಸುವವರಿದ್ದಾರೆ. ಸುಳ್ಳು. ಪರಿಶಿಷ್ಟ ಜಾತಿಗಳನ್ನು ಗುರುತಿಸಿದ್ದು 1950ರ ರಾಷ್ಟ್ರಪತಿಗಳ ಆದೇಶ. ಕರ್ನಾಟಕದ ಪಟ್ಟಿಯಲ್ಲಿ 101 ಜಾತಿಗಳಿವೆ. ಅದು ಜಾತಿಗಳ ಪಟ್ಟಿ, ಅಡ್ಡಹೆಸರುಗಳ ಪಟ್ಟಿಯಲ್ಲ. ‘ಹರಿಜನ’ ಎಂಬ ಜಾತಿ ಆ ಪಟ್ಟಿಯಲ್ಲೇ ಇಲ್ಲ! ಜಾತಿಯ ಕಾಲಮ್ಮು ಬೇರೆ, ಹೆಸರಿನ ಕಾಲಮ್ಮು ಬೇರೆ. ಜಾತಿಯನ್ನು ಅದರ ಕಾಲಮ್ಮಿನಲ್ಲಿ ಬರೆಯಿರಿ, ಹಾಜರಿಯಲ್ಲಿ ಕೂಗಬೇಡಿರಿ.

‘ಹಾಗಾದರೆ ಮಾದರ ಅನ್ನಿಸಿಕೊಳ್ಳಲಿಕ್ಕೆ ನಾಚಿಕೆಯೇನು’ ಎಂದು ನಮ್ಮವರೇ ಕೇಳುತ್ತಾರೆ. ನಾಚಿಕೆ ಇಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಎಂಬ ಹೆಸರುಗಳಿಗೆ ನಾಡು ಕೈಮುಗಿಯುತ್ತದೆ. ಯಾರಾದರೂ ತಾನಾಗಿ ಎದೆಯುಬ್ಬಿಸಿ ‘ನಾನು ಮಾದರ’ ಅಂದರೆ ನಾವು ಅವನ ಪಕ್ಕ ನಿಲ್ಲುತ್ತೇವೆ. ತಾನು ಇಟ್ಟುಕೊಂಡ ಹೆಸರು ಬೇರೆ, ಕೇಳದೆ ಬರೆದ ಹೆಸರು ಬೇರೆ.

ಊರಿನ ಹೆಸರು ಉಳ್ಳವರದೇ ಸ್ವತ್ತೇನೂ ಅಲ್ಲ. 1831ರಲ್ಲಿ ನಂದಗಡದಲ್ಲಿ ನೇಣಿಗೇರಿದ ರಾಯಣ್ಣ ಸಂಗೊಳ್ಳಿಯ ಗೌಡನಲ್ಲ, ಊರು ಕಾಯುವ ಮನೆತನದವ. ಈಗ ಸಂಗೊಳ್ಳಿ ಅಂದರೆ ಅವನೇ. 1824ರ ಕಿತ್ತೂರ ಕಾಳಗದಲ್ಲಿ ಥ್ಯಾಕರೆಯನ್ನು ಉರುಳಿಸಿದವನೆಂದು ನಾಡು ನೆನೆಯುವ ಬಾಳಪ್ಪನಿಂದ ಅಮಟೂರಿಗೆ ಹೆಸರು ಬಂತು. ಹಾಡುವ ಹೆಣ್ಣುಮಕ್ಕಳ ಮನೆತನದಲ್ಲಿ ಹುಟ್ಟಿ, ಕೀಳು ಮಾತು ಕೇಳಿ ಬೆಳೆದ ಗಂಗೂಬಾಯಿ ‘ಹಾನಗಲ್’ ಎಂಬ ಊರನ್ನು ದೇಶದ ಬಾಯಲ್ಲಿ ಇಟ್ಟರು. 2002ರಲ್ಲಿ ಪದ್ಮವಿಭೂಷಣ ಬಂದದ್ದು ಆ ಹೆಸರಿಗೇ. ಎಲ್ಲಮ್ಮನ ಗುಡ್ಡ ಹೂಲಿಗೆ ಹತ್ತಿರದಲ್ಲೇ ಇದೆ. ದೇವದಾಸಿ ಬಿಡುವುದನ್ನು 1982ರ ಕಾಯಿದೆ ನಿಷೇಧಿಸಿತು. ಆದರೆ ಮುತ್ತು ಕಟ್ಟಿಸಿಕೊಂಡ ತಾಯಂದಿರ ಮಕ್ಕಳು ತಂದೆಯ ಹೆಸರಿನ ಗೆರೆಯ ಮುಂದೆ ತಲೆ ತಗ್ಗಿಸಿ ನಿಂತದ್ದನ್ನು ಯಾವ ಕಾಯಿದೆ ತುಂಬಿಕೊಟ್ಟಿತು? ಆ ಮಕ್ಕಳಿಗೆ ಅವ್ವನ ಹೆಸರು ಸಾಲದೆ? ಊರಿನ ಹೆಸರು ಸಲ್ಲದೆ?

ಹಳ್ಳಿಯ ಮಾಸ್ತರರೆ, ಅಕ್ಕೋರೆ, ಪೆನ್ನು ನಿಮ್ಮ ಕೈಯಲ್ಲಿದೆ. ಕೇರಿಯ ಕೂಸು ಒಂದನೇ ಇಯತ್ತೆಗೆ ಬಂದಾಗ ಅಪ್ಪ ಅವ್ವನನ್ನು ಒಳಗೆ ಕರೆಯಿರಿ, ಕುರ್ಚಿ ಕೊಡಿರಿ, ‘ಏನು ಬರೀಬೇಕರೀ’ ಅಂತ ಕೇಳಿರಿ. ಹೇಳಿದ್ದನ್ನು ಬರೆಯಿರಿ. ಕಾಲೇಜು ಕಲಿಯುವ ಗೆಳೆಯರೆ, ಶಾಲೆ ಶುರುವಾಗುವ ಮೊದಲು ನಿಮ್ಮ ನಿಮ್ಮ ಕೇರಿಗೆ ಹೋಗಿರಿ, ಮನೆ ಮನೆಗೆ ಈ ಮಾತು ಹೇಳಿರಿ. ಕೇರಿಯ ಅಪ್ಪ ಅವ್ವ ‘ಹೂಲಿ ಅಂತ ಬರೀರಿ’ ಅಂದರೆ ಹೂಲಿ ಅಂತಲೇ ಬರೆಯಬೇಕು. ಆ ಹೆಸರು ಆಗ ಅಪರೂಪವಾಗಿ ಉಳಿಯದಿದ್ದರೆ ಪಂಡಿತರಿಗೆ ಬೇಸರವಾಗಬಹುದು. ಆಗಲಿ.