ನಾಟಕದ ಕುಸ್ತಿ, ನಿಜದ ಸಿಟ್ಟು

ಯಾರು ಗೆಲ್ಲಬೇಕೆಂಬುದು ಮೊದಲೇ ನಿಶ್ಚಯವಾಗಿರುವ ಕುಸ್ತಿಯನ್ನು ನೋಡಿ ಹಿಗ್ಗುವವನು ಮೂರ್ಖ. ನೋಡಿ ಕೋಪಿಸಿಕೊಳ್ಳುವವನು ಅವನಿಗಿಂತಲೂ ಮೂರ್ಖ. ಅಮೆರಿಕದ ಡಬ್ಲ್ಯುಡಬ್ಲ್ಯುಇ ಮಲ್ಲರ ಮಾತು ಬಂದಾಗಲೆಲ್ಲ ತಿಳಿದವರು ಹೀಗೆ ತೀರ್ಪು ಕೊಡುವುದುಂಟು. ಆ ಮಲ್ಲರ ಚಿತ್ರಗಳಿದ್ದ ಕಾರ್ಡುಗಳನ್ನು ಬಾಲ್ಯದಲ್ಲಿ ಪ್ರಾಣದಂತೆ ಕಾಪಾಡಿಕೊಂಡಿದ್ದವರೇ ದೊಡ್ಡವರಾದ ಮೇಲೆ "ಅದೆಲ್ಲ ಬರಿಯ ನಾಟಕವಯ್ಯಾ" ಎಂದು ನಗುತ್ತಾರೆ. ನಾಟಕವೆಂಬುದು ನಿಜ. ಆದರೆ ಆಟವು ನಾಟಕವಾದ ಮಾತ್ರಕ್ಕೆ ನೋಡುವವನ ಸಿಟ್ಟೂ ಸುಳ್ಳಾಗಬೇಕೇ? ನನಗೆ ಹಾಗೆ ತೋರುವುದಿಲ್ಲ.

ಅದು ನಾಟಕವೆಂಬುದು ಇಂದು ಗುಟ್ಟೇನೂ ಅಲ್ಲ. 1989ರಲ್ಲಿ ಆ ಸಂಸ್ಥೆಯವರೇ ನ್ಯೂ ಜೆರ್ಸಿ ರಾಜ್ಯದ ಶಾಸನಸಭೆಯ ಮುಂದೆ ತಮ್ಮದು ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡರು. ಕ್ರೀಡೆಗಳ ಮೇಲಿದ್ದ ಸರಕಾರಿ ನಿಯಂತ್ರಣದಿಂದ ಪಾರಾಗುವುದು ಅವರ ಉದ್ದೇಶವಾಗಿತ್ತು. ಇದಾದ ಮೇಲೂ ಜನ ಬರುವುದನ್ನು ಬಿಡಲಿಲ್ಲ. ನಮ್ಮ ಬಯಲಾಟದಲ್ಲಿ ಕೀಚಕನು ಸಾಯುವನೆಂಬುದು ಚೌಕಿಯಲ್ಲಿ ಬಣ್ಣ ಹಚ್ಚುವ ಮೊದಲೇ ಎಲ್ಲರಿಗೂ ಗೊತ್ತು. ಆದರೂ ಭೀಮನ ಪಾತ್ರಧಾರಿ ಸಪ್ಪೆಯಾಗಿ ಕುಣಿದರೆ ಮುಂದೆ ಕುಳಿತ ಹಿರಿಯರು ಗೊಣಗದೆ ಬಿಡುವರೇ? ಅಂತ್ಯ ತಿಳಿದಿರುವುದು ಬೇರೆ, ಆ ಅಂತ್ಯಕ್ಕೆ ಯೋಗ್ಯವಾದ ದಾರಿಯನ್ನು ಬಯಸುವುದು ಬೇರೆ.

ಈ ಮಾತಿಗೆ 2014ನೆಯ ಇಸವಿ ಒಳ್ಳೆಯ ನಿದರ್ಶನ. ಆ ವರ್ಷದ ಜನವರಿ 26ರಂದು ಪಿಟ್ಸ್‌ಬರ್ಗ್ ನಗರದಲ್ಲಿ "ರಾಯಲ್ ರಂಬಲ್" ಎಂಬ ಪೇ-ಪರ್-ವ್ಯೂ ಪ್ರದರ್ಶನ ನಡೆಯಿತು. ಹಣ ತೆತ್ತು ಮನೆಯಲ್ಲಿಯೇ ಕುಳಿತು ನೋಡುವ ಪ್ರದರ್ಶನಕ್ಕೆ ಈ ಹೆಸರು. ಇದರ ಮುಖ್ಯ ಪಂದ್ಯದಲ್ಲಿ ಮೂವತ್ತು ಮಂದಿ ಒಬ್ಬರಾದ ಮೇಲೊಬ್ಬರು ಕಣಕ್ಕಿಳಿಯುತ್ತಾರೆ. ಕೊನೆಗೆ ಉಳಿದವನಿಗೆ "ರೆಸಲ್‌ಮೇನಿಯಾ" ಎಂಬ ವಾರ್ಷಿಕ ಮಹೋತ್ಸವದಲ್ಲಿ ಪ್ರಶಸ್ತಿಗಾಗಿ ಸೆಣಸುವ ಅವಕಾಶ. ಜನರೆಲ್ಲ ಡೇನಿಯಲ್ ಬ್ರಯನ್ ಎಂಬವನನ್ನು ನಿರೀಕ್ಷಿಸುತ್ತಿದ್ದರು. ಆ ಲೋಕದ ದೈತ್ಯರ ನಡುವೆ ಅವನು ಕುಳ್ಳನೇ ಸರಿ. ಆದರೆ ಪಟ್ಟುಗಳಲ್ಲಿ ನಿಪುಣ, ವರ್ಷಗಟ್ಟಲೆ ಸಣ್ಣ ಸಣ್ಣ ಸಭಾಂಗಣಗಳಲ್ಲಿ ದುಡಿದು ಮೇಲೆ ಬಂದವನು. ಮೂವತ್ತನೆಯವನಾಗಿ ಅವನ ಬದಲು ರೇ ಮಿಸ್ಟೀರಿಯೊ ಬಂದಾಗ ಸಭಾಂಗಣವೆಲ್ಲ ಧಿಕ್ಕಾರದಿಂದ ತುಂಬಿತು. ನಾಲ್ಕು ವರ್ಷ ಹೊರಗಿದ್ದು ಆಗತಾನೆ ಮರಳಿದ್ದ ಬಟಿಸ್ಟಾ ಗೆದ್ದಾಗಲಂತೂ ಆ ಗೆಲುವನ್ನು ಸ್ವಾಗತಿಸುವವರೇ ಇರಲಿಲ್ಲ.

ಮುಂದಿನ ವಾರಗಳಲ್ಲಿ ಸಂಸ್ಥೆಯವರು ಕಥೆಯನ್ನು ತಿರುಗಿಸಿ ಬ್ರಯನನಿಗೆ ಎಡೆ ಮಾಡಿದರು. ಸಿ. ಎಂ. ಪಂಕ್ ಎಂಬ ಜನಪ್ರಿಯ ಮಲ್ಲನು ಅದೇ ಸಮಯದಲ್ಲಿ ಸಂಸ್ಥೆಯನ್ನು ಬಿಟ್ಟು ಹೋದದ್ದೂ ಇದಕ್ಕೆ ಒದಗಿತು. ಆದರೂ ಜನರ ಕೂಗಿಲ್ಲದಿದ್ದರೆ ಈ ತಿರುವು ಬರುತ್ತಿರಲಿಲ್ಲವೆಂದೇ ನನ್ನ ನಂಬಿಕೆ.

ಏಪ್ರಿಲ್ 6ರಂದು ನ್ಯೂ ಆರ್ಲಿಯನ್ಸಿನ ಸೂಪರ್‌ಡೋಮಿನಲ್ಲಿ ಮೂವತ್ತನೆಯ ರೆಸಲ್‌ಮೇನಿಯಾ ನಡೆಯಿತು. ನೆರೆದ ಜನ 75,167 ಎಂದು ಸಂಸ್ಥೆ ಸಾರಿತು. ಬ್ರಯನನು ಮೊದಲ ಪಂದ್ಯದಲ್ಲಿ ಟ್ರಿಪಲ್ ಎಚ್‌ನನ್ನು ಸೋಲಿಸಿ, ಕೊನೆಯ ಪಂದ್ಯದಲ್ಲಿ ಆರ್ಟನ್ ಮತ್ತು ಬಟಿಸ್ಟಾ ಇಬ್ಬರನ್ನೂ ಎದುರಿಸಿ ಪ್ರಶಸ್ತಿ ಗೆದ್ದನು. ಇದೇ ಉತ್ಸವದಲ್ಲಿ 1991ರಿಂದ ಒಮ್ಮೆಯೂ ಸೋಲದೆ 21 ಪಂದ್ಯಗಳನ್ನು ಗೆದ್ದಿದ್ದ ಅಂಡರ್‌ಟೇಕರನು ಅದೇ ರಾತ್ರಿ ಬ್ರಾಕ್ ಲೆಸ್ನರನಿಗೆ ಸೋತನು. ತೀರ್ಪುಗಾರನ ಕೈ ಮೂರನೆಯ ಸಲ ನೆಲಕ್ಕೆ ಬಡಿದಾಗ ಆ ಭಾರಿ ಜನಸ್ತೋಮ ಮೂಕವಾಯಿತು. 21-1 ಎಂಬ ಅಂಕಿಗಳು ಪರದೆಯ ಮೇಲೆ ಮೂಡಿದವು. ಬಾಯಿ ತೆರೆದು ಕುಳಿತ ಪ್ರೇಕ್ಷಕರ ಮುಖಗಳು ಆಮೇಲೆ ಜಗತ್ತಿಗೆಲ್ಲ ಪರಿಚಿತವಾದವು.

ಒಂದೇ ಪ್ರದರ್ಶನದ ಮೇಲೆ ಅಭಿಮಾನಿಗಳು ಎರಡು ಪಂಗಡವಾದರು. ಬ್ರಯನನ ಜಯವೊಂದೇ ಸಾಕು, ಇಷ್ಟು ಒಳ್ಳೆಯ ಉತ್ಸವ ಹಿಂದೆ ಆಗಿರಲಿಲ್ಲ ಎಂದರು ಕೆಲವರು. ಇಪ್ಪತ್ತಮೂರು ವರ್ಷ ಕಟ್ಟಿದ ಕೋಟೆಯನ್ನು ಒಂದು ಗಳಿಗೆಯಲ್ಲಿ ಕೆಡವಿದರು ಎಂದು ಮರುಗಿದರು ಮತ್ತೆ ಕೆಲವರು. ಕೆಡವುವುದೇ ಆಗಿದ್ದರೆ ಆ ಕೀರ್ತಿ ಒಬ್ಬ ತರುಣನಿಗೆ ಸಲ್ಲಬೇಕಿತ್ತು, ಮೊದಲೇ ಹೆಸರಾಂತ ಲೆಸ್ನರನಿಗೆ ಅದರ ಅಗತ್ಯವಿರಲಿಲ್ಲ ಎಂಬುದು ಮೂರನೆಯ ವಾದ. ಇದರಲ್ಲಿ ತಿರುಳಿದೆ. ಆದರೆ ಆ ಗೆಲುವಿನ ಬಲದಿಂದಲೇ ಲೆಸ್ನರನು ಆಗಸ್ಟಿನಲ್ಲಿ ಜಾನ್ ಸೀನನನ್ನು ಮಣ್ಣುಮುಕ್ಕಿಸಿದ್ದು ನಂಬುವಂತಾಯಿತು ಎಂಬುದನ್ನೂ ಮರೆಯಲಾಗದು.

ನನ್ನ ಅಭಿಪ್ರಾಯವನ್ನು ಹೇಳುವೆನು. ಜನವರಿಯ ಕೂಗು ನ್ಯಾಯವಾದದ್ದು. ಏಪ್ರಿಲ್ಲಿನ ಆಕ್ಷೇಪಣೆ ಅರ್ಧ ಮಾತ್ರ ನ್ಯಾಯ. ಪಿಟ್ಸ್‌ಬರ್ಗಿನವರು ಯೋಗ್ಯನಿಗೆ ಸ್ಥಾನ ಕೊಡಿರೆಂದು ಕೇಳಿದರು. ಅದು ವಿಮರ್ಶೆ. ಅಂಡರ್‌ಟೇಕರನು ಎಂದೆಂದಿಗೂ ಸೋಲಕೂಡದೆಂದವರು ದುಃಖವೇ ಇಲ್ಲದ ಕಥೆಯನ್ನು ಕೇಳಿದರು. ಅದು ಬರಿಯ ಆಸೆ. ಪ್ರೇಕ್ಷಕನ ಆಸೆಗಳೆಲ್ಲ ಈಡೇರುವುದಾದರೆ ಪ್ರಪಂಚದಲ್ಲಿ ದುರಂತ ನಾಟಕಗಳೇ ಹುಟ್ಟುತ್ತಿರಲಿಲ್ಲ. ಆ ರಾತ್ರಿಯ ಮೌನವು ಆಟ ಕೆಟ್ಟಿತೆಂಬುದಕ್ಕೆ ಸಾಕ್ಷಿಯಲ್ಲ. ಎಪ್ಪತ್ತೈದು ಸಾವಿರ ಜನ ನಾಟಕವೆಂದು ತಿಳಿದೂ ಅಷ್ಟು ಕಾಲ ನಂಬಿದ್ದರೆಂಬುದಕ್ಕೆ ಸಾಕ್ಷಿ.

ಇನ್ನೊಂದು ಮಾತು. ಜನವರಿಯ ನ್ಯಾಯವಾದ ಕೂಗಿನಲ್ಲಿಯೂ ಒಂದು ಅನ್ಯಾಯವಿತ್ತು. ಕಥೆ ಕಟ್ಟಿದವರ ಮೇಲಿನ ಸಿಟ್ಟೆಲ್ಲ ರೇ ಮಿಸ್ಟೀರಿಯೊನ ತಲೆಯ ಮೇಲೆ ಬಿತ್ತು. ಅವನು ಮಾಡಿದ ತಪ್ಪಾದರೂ ಏನು? ತನ್ನ ಸಂಖ್ಯೆ ಬಂದಾಗ ಓಡಿ ಬಂದದ್ದು! ತೀರ್ಪು ನಿಶ್ಚಿತವಾದರೂ ಬೀಳುವ ಮೈ ನಿಜವಾದದ್ದು. ಅಂಡರ್‌ಟೇಕರನು ಆ ಪಂದ್ಯದಲ್ಲಿ ತಲೆಗೆ ಪೆಟ್ಟು ತಿಂದು ಆಸ್ಪತ್ರೆ ಸೇರಿದನು. ಬ್ರಯನನು ಜನರ ಹರ್ಷದ ನಡುವೆ ಗೆದ್ದ ಪ್ರಶಸ್ತಿಯನ್ನು ಕುತ್ತಿಗೆಯ ನೋವಿನಿಂದಾಗಿ ಜೂನ್ ತಿಂಗಳಲ್ಲಿಯೇ ಕಳೆದುಕೊಂಡನು. ಇಂಥವರನ್ನು ಗೇಲಿ ಮಾಡುವ ಮುನ್ನ ಒಂದು ಕ್ಷಣ ಯೋಚಿಸಬೇಕು.

ಕಾಸು ಕೊಟ್ಟವನಿಗೆ ಸಿಟ್ಟಾಗುವ ಅಧಿಕಾರವಿದೆ. ಆದರೆ ಸಿಟ್ಟು ಯಾರ ಮೇಲೆ, ಏತಕ್ಕಾಗಿ ಎಂಬ ವಿವೇಕವೂ ಬೇಕು. ಈ ಮಾತು ದೂರದ ಅಮೆರಿಕದವರಿಗೆ ಮಾತ್ರವಲ್ಲ. ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ನಾಟಕ ಸೊರಗಿದಾಗ ಹಿಂದಿನ ಬೆಂಚುಗಳಿಂದ ಏಳುವ ಸಿಳ್ಳೆಗೂ ಇದು ಸಲ್ಲುತ್ತದೆ. ನಾಟಕವನ್ನು ಆರಿಸಿದವರು ಪರದೆಯ ಹಿಂದೆ ಸುಖವಾಗಿರುತ್ತಾರೆ. ಸಿಳ್ಳೆ ಬೀಳುವುದು ಮೀಸೆ ಅಂಟಿಸಿಕೊಂಡು ಬೆವರುತ್ತಿರುವ ಬಡಪಾಯಿಯ ಮೇಲೆ. ಬರುವ ವರ್ಷ ಸಿಳ್ಳೆ ಹಾಕುವ ಮಿತ್ರರು ಇಷ್ಟನ್ನು ನೆನೆದರೆ ನನ್ನ ಬರಹ ಸಾರ್ಥಕ.