ಕೊಲ್ಲಿ ಸೀಮೆಗೆ ಹೊರಟ ಮಕ್ಕಳು

ಮಂಗಳೂರಿನಿಂದ ದುಬೈ, ಅಬುಧಾಬಿಗಳಿಗೆ ಉದ್ಯೋಗಾರ್ಥವಾಗಿ ತೆರಳುವ ಗೃಹಸ್ಥರಲ್ಲಿ ಎಳೆಯ ಮಕ್ಕಳನ್ನು ಒಡನೆ ಕರೆದೊಯ್ಯುವವರು ಅನೇಕರು. ಹೊರಡುವ ಮುನ್ನ ಅವರು ನಡೆಸುವ ವಿಚಾರಣೆಯು ಶುಲ್ಕ, ಪಠ್ಯಕ್ರಮಗಳಲ್ಲಿಯೇ ಮುಗಿಯುವುದು. ಅಲ್ಲಿನ ಬ್ರಿಟಿಷ್ ಪದ್ಧತಿಯ ಶಾಲೆಗಳಲ್ಲಿ ಮಗುವು 5 ವರ್ಷಕ್ಕೇ ಒಂದನೆಯ ತರಗತಿಯನ್ನು ಸೇರುವುದು. ಭಾರತೀಯ ಪದ್ಧತಿಯಲ್ಲಿ 6ಕ್ಕೆ. ಇಂಥ ವ್ಯತ್ಯಾಸಗಳು ಹೇಗೂ ಸರಿಹೊಂದುವುವು. ಇವಕ್ಕಾಗಿ ತಂದೆತಾಯಂದಿರು ನಿದ್ದೆಗೆಡಬೇಕಾದುದಿಲ್ಲ.

ಆದರೆ ನಮ್ಮೂರಿನ ಸ್ಥಿತಿಯು ವಿಲಕ್ಷಣವಾದುದು. ಮೈಸೂರಿನ ಮಗುವು ಬಹುಮಟ್ಟಿಗೆ ತಾಯಿಯ ಮಡಿಲಲ್ಲಿಯೇ ಕನ್ನಡವನ್ನು ಕಲಿಯುವುದು. ಇಲ್ಲಿಯ ಮಗುವು ಮನೆಯಲ್ಲಿ ಆಡುವುದು ತುಳುವನ್ನೋ, ಕೊಂಕಣಿಯನ್ನೋ, ಬ್ಯಾರಿಯನ್ನೋ. ಕನ್ನಡವು ಅದಕ್ಕೆ ಶಾಲೆಯ ಕೊಡುಗೆ. ಆ ಶಾಲೆ ತಪ್ಪಿತೆಂದರೆ ಕನ್ನಡವೂ ತಪ್ಪಿತು. ಅಮೆರಿಕೆಗೆ ಹೋದವರು ಅಲ್ಲಿಯೇ ನೆಲಸಬಹುದು. ಕೊಲ್ಲಿಯ ರಾಜ್ಯಗಳಲ್ಲಾದರೋ ಪೌರತ್ವವು ಅತಿ ವಿರಳ, ಬಹುಮಂದಿ ಒಂದು ದಿನ ಮರಳಲೇಬೇಕು. ಆಗ ಹನ್ನೆರಡರ ಹುಡುಗನು ಹಂಪನಕಟ್ಟೆಯಲ್ಲಿ ಬಸ್ಸಿನ ಫಲಕವನ್ನು ಓದಲಾರದೆ ನಿಲ್ಲುವನು.

ಸಂಯುಕ್ತ ಅರಬ್ ಸಂಸ್ಥಾನದ ಶಾಲೆಗಳಲ್ಲಿ ನಮ್ಮ ಮಕ್ಕಳೂ ಅರಬ್ಬಿಯನ್ನು ಕಲಿಯಬೇಕಾಗಿರುವುದನ್ನು ನಾವು ದೂರುವುದಿಲ್ಲ. ತನ್ನ ನೆಲದ ನುಡಿಯನ್ನು ಕಲಿಸುವುದು ಯಾವ ರಾಜ್ಯಕ್ಕೂ ಉಚಿತವೇ. ಕರ್ನಾಟಕವೂ 2015ರ ಶಾಸನದಿಂದ ಕನ್ನಡದ ವಿಷಯದಲ್ಲಿ ಅದನ್ನೇ ಮಾಡಿತು. ಹಾಗಿರಲು, ಹಿಂದಿರುಗುವ ಮಗುವಿನ ಯೋಚನೆಯನ್ನೂ ಸರಕಾರವು ಮಾಡಬೇಕಷ್ಟೆ. ದುಬೈಯ ಕನ್ನಡಿಗರು ವಾರದ ರಜಾದಿನಗಳಲ್ಲಿ ಸ್ವಂತ ಶ್ರಮದಿಂದ ಕನ್ನಡ ಪಾಠಶಾಲೆಯನ್ನು ನಡೆಸಿದ್ದಾರೆ. ಅಂಥಲ್ಲಿ ಕಲಿತವರಿಗೆ ವಿದ್ಯಾ ಇಲಾಖೆಯು ಪರೀಕ್ಷೆ ನಡೆಸಿ ಪ್ರಮಾಣಪತ್ರವನ್ನು ಕೊಡಲಿ. ನಮ್ಮೂರಿನ ಶಾಲೆಗಳು ಪ್ರವೇಶಕಾಲದಲ್ಲಿ ಅದನ್ನು ಮನ್ನಿಸಲಿ.